ಲೈಸಾಂಡರ್‌ನ ಕಾಲುಗಳು

ಅಹಮದಾಬಾದಿನಲ್ಲಿಯೋ ಸೂರತ್ತಿನಲ್ಲಿಯೋ ನೆಲೆಸಿರುವ ನಾವು ಮರೆಯುವ ಸಂಗತಿಯೊಂದಿದೆ: ಈ ಊರುಗಳೂ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಒಮ್ಮೆ ಮುಂಬಯಿ ಎಂಬ ಒಂದೇ ಪ್ರಾಂತ್ಯಕ್ಕೆ ಸೇರಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಆ ಪ್ರಾಂತ್ಯದ ಯುದ್ಧನಿಧಿಯ ಹಣದಿಂದ ಭಾರತೀಯ ವಾಯುದಳದ ಒಂದನೆಯ ಸ್ಕ್ವಾಡ್ರನ್ನಿಗೆ ಲೈಸಾಂಡರ್ ವಿಮಾನಗಳು ದೊರೆತವು. ವಡೋದರೆ ಆಗ ಗಾಯಕವಾಡರ ಸಂಸ್ಥಾನ. ಅದರ ಹೆಸರನ್ನೂ ಮೈಸೂರಿನ ಹೆಸರನ್ನೂ ಬ್ರಿಟಿಷ್ ವಾಯುದಳದ ಎರಡು ಸ್ಪಿಟ್‌ಫೈರ್ ಸ್ಕ್ವಾಡ್ರನ್ನುಗಳು ಹೊತ್ತಿದ್ದವು. ಮೈಸೂರಿನದರ ಲಾಂಛನ ನಮ್ಮ ಗಂಡಭೇರುಂಡವೇ.

ಸ್ಪಿಟ್‌ಫೈರ್ ತನ್ನ ಚಕ್ರಗಳನ್ನು ರೆಕ್ಕೆಯೊಳಗೆ ಮಡಚಿಕೊಳ್ಳುತ್ತಿತ್ತು. ಲೈಸಾಂಡರ್‌ನ ಕಾಲುಗಳು ಮಡಚುವಂಥವಲ್ಲ. ಸೈನ್ಯದ ಸಮೀಪದ ಬಯಲಿನಲ್ಲಿ ಇಳಿಯುವುದು, ಶತ್ರುವಿನ ಚಲನವಲನ ನೋಡಿಬರುವುದು ಅದರ ಕೆಲಸ. ಚಕ್ರಗಳ ಮೇಲೆ ಹನಿಯಾಕಾರದ ಕವಚ. ಒಂದೊಂದರಲ್ಲಿಯೂ ಒಂದು ಮೆಷಿನ್‌ಗನ್. ಆ ಕವಚಕ್ಕೆ ಮೊಟಕು ರೆಕ್ಕೆಯನ್ನು ಜೋಡಿಸಿ ಹಗುರ ಬಾಂಬುಗಳನ್ನೋ ಸರಕಿನ ಪೆಟ್ಟಿಗೆಗಳನ್ನೋ ತೂಗುಹಾಕಬಹುದಿತ್ತು.

1942ರ ಫೆಬ್ರವರಿಯ ಆರಂಭದಲ್ಲಿ ಸ್ಕ್ವಾಡ್ರನ್ ಬರ್ಮಾದ ಟೌಂಗೂ ತಲುಪಿತು. ಜಪಾನಿಯರು ಕೂಡಲೇ ಆ ನೆಲೆಯ ಮೇಲೆ ಬಾಂಬು ಸುರಿದರು. ನಾಯಕ ಕೆ. ಕೆ. ಮಜುಂದಾರ್ ಉತ್ತರ ಕೊಡಲು ನಿಶ್ಚಯಿಸಿದರು. ಬಾಂಬು ದಾಳಿಗೆಂದು ರೂಪಿಸದ ಆ ವಿಮಾನದ ಮೊಟಕು ರೆಕ್ಕೆಗಳಿಗೆ ಎರಡೂ ಬದಿ 250 ಪೌಂಡಿನ ಒಂದೊಂದು ಬಾಂಬನ್ನು ಬಿಗಿಯಲಾಯಿತು. ಎಂದರೆ ಸುಮಾರು 227 ಕಿಲೋ ಭಾರ ಕಾಲುಗಳಿಗೇ ಜೋತುಬಿದ್ದಂತಾಯಿತು. ಓಟಪಥದ ಒಂದೊಂದು ಕುಲುಕಾಟಕ್ಕೂ ಆ ಭಾರ ಬಿಗಿತವನ್ನು ಪರೀಕ್ಷಿಸುತ್ತಿತ್ತು. ಮಜುಂದಾರ್ ಥಾಯ್ಲೆಂಡಿನ ಮೇ ಹಾಂಗ್ ಸಾನ್ ವಿಮಾನನೆಲೆಯ ಮೇಲೆ ದಾಳಿ ಮಾಡಿ ಬಂದರು. ಮರುದಿನ ಇಡೀ ಸ್ಕ್ವಾಡ್ರನ್ನೇ ಹೊರಟಿತು. ಅವರಿಗೆ ಡಿ.ಎಫ್.ಸಿ. ಪದಕ ಸಂದಿತು.

ಆ ಬಾಂಬುಗಳನ್ನು ಬಿಗಿದ ಕೈಗಳು ಯಾರವು? ಅಂದಿನ ವಾಯುದಳದಲ್ಲಿ ನೆಲದ ಕೆಲಸದವರನ್ನು ಹವಾಯಿ ಸಿಪಾಯಿಗಳೆಂದು ಕರೆಯುತ್ತಿದ್ದರು. ಹಾರಿದವರ ಹೆಸರು ಇತಿಹಾಸದಲ್ಲಿದೆ. ಬೋಲ್ಟು ಬಿಗಿದವರದು ನಮ್ಮ ನಾಲಗೆಗೆ ಬಂದದ್ದಿಲ್ಲ. ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಇದು ಹೊಸದಲ್ಲ. ಕಡತದಲ್ಲಿ ಸಹಿ ಉಳಿಯುತ್ತದೆ, ಕಡತ ಹೊತ್ತವರು ಉಳಿಯುವುದಿಲ್ಲ.

ಇನ್ನೊಂದು ಮಾತು. ಅದೇ ವರ್ಷದ ಆಗಸ್ಟಿನಲ್ಲಿ, ಚಲೇಜಾವ್ ಕರೆಗೆ ಓಗೊಟ್ಟು, ಅಹಮದಾಬಾದಿನ ಗಿರಣಿ ಕಾರ್ಮಿಕರು ಮೂರು ತಿಂಗಳಿಗೂ ಮೀರಿ ಕೆಲಸ ನಿಲ್ಲಿಸಿದರು. ವಿಮಾನಕ್ಕೆ ಹಣ ಕೊಟ್ಟ ಪ್ರಾಂತ್ಯವೇ ಆ ಸರ್ಕಾರವನ್ನು ಧಿಕ್ಕರಿಸಿತು. ಪರರ ಸರ್ಕಾರದ ಚಕ್ರಕ್ಕೆ ಬೋಲ್ಟು ಬಿಗಿದವನೂ ಅದೇ ಸರ್ಕಾರದ ವಿರುದ್ಧ ಮಗ್ಗ ನಿಲ್ಲಿಸಿದವನೂ ಒಂದೇ ನಾಡಿನ ದುಡಿಮೆಗಾರರು. ಒಬ್ಬನನ್ನು ನೆನೆಯಲು ಇನ್ನೊಬ್ಬನನ್ನು ಮರೆಯಬೇಕಾಗಿಲ್ಲ. ಸಾಬರಮತಿಯ ದಡದಲ್ಲಿರುವ ನಮಗಾದರೂ ಇಬ್ಬರೂ ನೆನಪಿನಲ್ಲಿರಲಿ.