ದನಿ ಗೊತ್ತು, ಹೆಸರು ಗೊತ್ತಾ? : ಬಿ. ಜಯಶ್ರೀ

ಹಿಸ್ಟರಿ ಸರಣಿ, ಭಾಗ 4. ಸ್ವಲ್ಪ ಉದ್ದ ಇದೆ. ಪೀಣ್ಯದಲ್ಲಿ ಮೆಟ್ರೋ ಹತ್ತಿದ್ರೆ ಮೆಜೆಸ್ಟಿಕ್ ಬರೋದ್ರೊಳಗೆ ಓದಿ ಮುಗಿಸ್ಬಹುದು.

2001ರ ‘ನನ್ನ ಪ್ರೀತಿಯ ಹುಡುಗಿ’ ಸಿನಿಮಾದ ಕಾರಿನ ಹಾಡು ಗೊತ್ತಲ್ವಾ? ನಾವು ಹುಟ್ಟೋಕೆ ಮುಂಚಿನದ್ದು, ಆದ್ರೂ ಟ್ರಿಪ್ ಬಸ್ಸಲ್ಲಿ ಅದಿಲ್ದೆ ನಡೆಯಲ್ಲ. ಹಾಡಿದವರು ಬಿ. ಜಯಶ್ರೀ. ‘ಓ, ಸಿಂಗರ್ರಾ’ ಅಂತೀರಿ. ಅಲ್ಲ. ಅಂದ್ರೆ, ಅದೂ ಹೌದು. ನಟಿ, ನಿರ್ದೇಶಕಿ, ಡಬ್ಬಿಂಗ್ ಕಲಾವಿದೆ, ಆರು ವರ್ಷ ರಾಜ್ಯಸಭಾ ಸದಸ್ಯೆ.

ಕಥೆ ಶುರುವಾಗೋದು ನಮ್ಮ ತುಮಕೂರು ರೋಡಲ್ಲೇ. ಪೀಣ್ಯ ದಾಟಿ, ನೆಲಮಂಗಲ ದಾಟಿ, ತುಮಕೂರಿಂದ ಇನ್ನೊಂದಿಪ್ಪತ್ತು ಕಿಲೋಮೀಟರ್ ಹೋದ್ರೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯನ್ನ ದೊಡ್ಡದು ಮಾಡಿದವರು ಗುಬ್ಬಿ ವೀರಣ್ಣ. ಜಯಶ್ರೀ ಅವರ ಮೊಮ್ಮಗಳು, ತಾಯಿ ಜಿ. ವಿ. ಮಾಲತಮ್ಮನೂ ರಂಗನಟಿ. (ಮೆಜೆಸ್ಟಿಕ್ ಹತ್ರ ಛತ್ರ ಇದೆಯಲ್ಲ, ಅದು ಗುಬ್ಬಿ ತೋಟದಪ್ಪನವರದ್ದು. ಅವರೇ ಬೇರೆ, ಇವರೇ ಬೇರೆ.)

ಕಾಮರ್ಸ್ ಕಣ್ಣಿಂದ ನೋಡಿ: ‘ಕುರುಕ್ಷೇತ್ರ’ ನಾಟಕಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ, ಕುದುರೆ. ಅವಕ್ಕೆ ಮೇವು, ನಟರಿಗೆ ಊಟ-ಸಂಬಳ, ಊರಿಂದೂರಿಗೆ ಸಾಗಾಟ. ಟಿಕೆಟ್ ಹೋಗ್ಲಿ ಬಿಡ್ಲಿ, ಖರ್ಚು ನಿಲ್ಲಲ್ಲ. ಸಿನಿಮಾ ಬಂದ್ಮೇಲೆ ಈ ಲೆಕ್ಕ ಎಷ್ಟು ದಿನ ನಡೀಬೇಕು? ರಾಜ್‌ಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಎಲ್ಲ ಈ ಕಂಪನಿಯಲ್ಲಿ ಪಳಗಿ ಸಿನಿಮಾಗೆ ಹೋದವರೇ.

1950ರಲ್ಲಿ ಹುಟ್ಟಿದ ಜಯಶ್ರೀ ಕಂಪನಿಯಲ್ಲೇ ಆಡಿ ಬೆಳೆದವರು. ಹಾಡು, ಮಾತು, ಕಾಮಿಡಿ ಟೈಮಿಂಗ್, ಎಲ್ಲ ಮನೆಯಲ್ಲೇ ಇತ್ತು. ಆದ್ರೂ ದೆಹಲಿಗೆ ಹೋಗಿ, ಇಬ್ರಾಹಿಂ ಅಲ್ಕಾಜಿ ನಡೆಸ್ತಿದ್ದ ರಾಷ್ಟ್ರೀಯ ನಾಟಕ ಶಾಲೆ ಸೇರಿದ್ರು. 1973ರಲ್ಲಿ ಮುಗಿಸಿದ್ರು. ನನಗೆ ಅವರ ಇಡೀ ಜೀವನದಲ್ಲಿ ಇಷ್ಟ ಆಗೋದು ಈ ನಿರ್ಧಾರ. ಅಜ್ಜನ ಹೆಸರಲ್ಲೇ ಬದುಕ್ಬಹುದಿತ್ತಲ್ವಾ?

ವಾಪಸ್ ಬಂದು 1976ರಲ್ಲಿ ಬೆಂಗಳೂರಲ್ಲಿ ‘ಸ್ಪಂದನ’ ತಂಡ ಕಟ್ಟಿದ್ರು. ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿಯನ್ನ ಸ್ಟೇಜಿಗೆ ತಂದ್ರು, ‘ಲಕ್ಷಾಪತಿ ರಾಜನ ಕಥೆ’ ಆಡಿಸಿದ್ರು. ಜನಪದ ಹಾಡು, ಕುಣಿತ, ದೆಹಲಿಯ ಶಿಸ್ತು ಎಲ್ಲ ಒಟ್ಟಿಗೆ.

ಆಮೇಲೆ ‘ಸದಾರಮೆ’. ಹೆಸರಲ್ಲಿ ಇರೋದು ಹೀರೋಯಿನ್. ಆದ್ರೆ ಗುಬ್ಬಿ ಕಂಪನಿ ಕಾಲದಲ್ಲಿ ಜನ ಕಾಯ್ತಿದ್ದಿದ್ದು ಕಳ್ಳನಿಗೆ, ಯಾಕಂದ್ರೆ ಕಳ್ಳ ಗುಬ್ಬಿ ವೀರಣ್ಣ. ಈ ನಾಟಕವನ್ನ ಜಯಶ್ರೀ ಮತ್ತೆ ಆಡಿಸಿದಾಗ ಅವರು ಸದಾರಮೆ ಆಗ್ಲಿಲ್ಲ. ಕಳ್ಳ ಆದ್ರು! ಗಂಡಸಿನ ಪಾತ್ರ, ಅದೂ ಅಜ್ಜನ ಫೇಮಸ್ ಪಾತ್ರ. ಜನ ಹೋಲಿಸೇ ಹೋಲಿಸ್ತಾರೆ ಅಂತ ಗೊತ್ತಿದ್ದೂ.

ನಮ್ಮ ಕಾಲೇಜಿನ ನಾಟಕದ ಟೀಮಿಂದ ಈ ಸೆಮ್‌ನಲ್ಲಿ ಇಬ್ಬರು ಬಿಟ್ರು. ‘ರೆಸ್ಯೂಮೆಗೆ ಏನೂ ಬರಲ್ಲ ಗುರು’ ಅಂದ್ರು. ಅವರನ್ನ ಬೈಯಲ್ಲ, ಮನೆ ಇಎಂಐ ನನಗೂ ಗೊತ್ತು. ಆದ್ರೆ ಜಯಶ್ರೀ ಅವರ ರೆಸ್ಯೂಮೆ ಬರೀರಿ ನೋಡೋಣ, ಯಾವುದನ್ನ ಮೇಲೆ ಹಾಕ್ತೀರಿ? ಮಾಧವಿ, ಗಾಯತ್ರಿ, ಜಯಪ್ರದಾ ಕನ್ನಡ ಸಿನಿಮಾಗಳಲ್ಲಿ ಮಾತಾಡಿದಾಗ ಎಷ್ಟೋ ಸಲ ಆ ದನಿ ಇವರದ್ದು. ನಮ್ಮ ಅಮ್ಮಂದಿರು ಆ ಸೀನ್ ನೋಡಿ ಅತ್ತಿದ್ದು ಮುಖಕ್ಕೋ, ದನಿಗೋ? ಪೋಸ್ಟರಲ್ಲಿ ಇದ್ದದ್ದು ಮುಖ ಮಾತ್ರ. ಇದು ಸಣ್ಣ ಕೆಲಸ ಅಂತ ನನಗೆ ಅನ್ಸಲ್ಲ. ಬೇರೆಯವರ ತುಟಿಗೆ ಸರಿಯಾಗಿ ನಮ್ಮ ಉಸಿರು ಹೊಂದಿಸೋದು, ಒಂದು ರೀಲ್‌ಗೆ ಲಿಪ್‌ಸಿಂಕ್ ಮಾಡಿ ನೋಡಿ, ಗೊತ್ತಾಗುತ್ತೆ. ಅದೂ ಉಲ್ಟಾ ಕೆಲಸ: ಇಲ್ಲಿ ತುಟಿ ಅವರದ್ದು, ದನಿ ನಮ್ಮದು.

ಅವರ ಮುಖವನ್ನೇ ನೋಡ್ಬೇಕಾ? ನಾಗಾಭರಣ ಅವರ ‘ನಾಗಮಂಡಲ’ (1997) ನೋಡಿ, ಬೇರು ಕೊಡೋ ಕುರುಡವ್ವ ಇವರೇ. ಅದಕ್ಕಿಂತ ಒಂದು ವರ್ಷ ಮುಂಚೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಮೈಸೂರಿನ ರಂಗಾಯಣಕ್ಕೂ ನಿರ್ದೇಶಕಿಯಾಗಿದ್ರು. 2010ರಲ್ಲಿ ರಾಷ್ಟ್ರಪತಿ ನಾಮಕರಣದಿಂದ ರಾಜ್ಯಸಭೆಗೆ ಹೋದ್ರು, 2013ರಲ್ಲಿ ಪದ್ಮಶ್ರೀ. ಅಜ್ಜನಿಗೂ ಪದ್ಮಶ್ರೀ ಬಂದಿತ್ತು, 1972ರಲ್ಲಿ, ತೀರಿಕೊಂಡ ವರ್ಷವೇ. ಮೊಮ್ಮಗಳು ಆಗಿನ್ನೂ ದೆಹಲಿಯಲ್ಲಿ ಸ್ಟೂಡೆಂಟ್.

ಅವರ ಆತ್ಮಕಥೆ ‘ಕಣ್ಣಾಮುಚ್ಚೇ ಕಾಡೇಗೂಡೇ’. ನಾಟಕದ ಟೀಮ್ ಬಿಟ್ಟ ಆ ಇಬ್ಬರೂ ಇದನ್ನ ಓದ್ತಿದ್ರೆ: ಭಾನುವಾರ ಪ್ರಾಕ್ಟೀಸ್ ಇನ್ನೂ ಇದೆ, ಕಳ್ಳನ ಪಾರ್ಟ್ ಯಾರಿಗೂ ಕೊಟ್ಟಿಲ್ಲ.