ಅಲ್ಲಮ ಹಾಗೆ ಕೇಳಿದನೆ?

ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪ್ರಶ್ನಿಸುತ್ತಾನೆ: ನಿನ್ನ ಗಂಡ ಯಾರು? ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮರೆಸಿಕೊಂಡದ್ದೇಕೆ? ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಈ ಸಂವಾದವನ್ನು ಕೇಳದ ಕನ್ನಡಿಗರು ಕಡಿಮೆ.

ಆದರೆ ಅಕ್ಕನ ಕಾಲಕ್ಕೆ ಹತ್ತಿರದವನಾದ ಹರಿಹರನ ರಗಳೆಯಲ್ಲಿ ಈ ಭೇಟಿಯೇ ಇಲ್ಲ. ಅಲ್ಲಿ ಆಕೆ ಉಡುತಡಿಯನ್ನು ಬಿಟ್ಟು ಶ್ರೀಶೈಲಕ್ಕೆ ಹೋಗುತ್ತಾಳೆ. ನಮಗೆ ಪರಿಚಿತವಾದ ಸಂವಾದ ಶೂನ್ಯಸಂಪಾದನೆಯದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅದನ್ನು ಮೊದಲು ಸಂಕಲಿಸಿದ. ಮುಂದೆ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ಇನ್ನೂ ಮೂವರು ಅದನ್ನು ಬೆಳೆಸಿದರು. 12ನೆಯ ಶತಮಾನದ ಬಿಡಿ ವಚನಗಳನ್ನು ಪ್ರಶ್ನೆ, ಉತ್ತರಗಳಾಗಿ ಹೊಂದಿಸಿ, ನಡುವೆ ತಮ್ಮ ಗದ್ಯವನ್ನು ಹೆಣೆದರು. ಒಬ್ಬರೇ ಇದ್ದಾಗ ಆಡಿದಂತಿದ್ದ ಮಾತಿಗೆ ಎದುರಾಳಿ ಸಿಕ್ಕಿದ.

ಐತಿಹಾಸಿಕ ಕಾದಂಬರಿ ಬರೆಯುವವರು ಈ ಸಂಕಲನಕಾರರಿಂದ ಕಲಿಯಬೇಕಾದದ್ದಿದೆ. ಅವರ ಸಂವಾದದಲ್ಲಿ ಯಾರೂ ಇನ್ನೊಬ್ಬರಿಗೆ ಗೊತ್ತಿರುವ ಸಂಗತಿಯನ್ನು ಓದುಗನಿಗಾಗಿ ವಿವರಿಸುವುದಿಲ್ಲ. ಅಲ್ಲಮ ಸುಲಭಕ್ಕೆ ಒಪ್ಪುವುದಿಲ್ಲ, ಅಕ್ಕ ಸುಲಭಕ್ಕೆ ಬಗ್ಗುವುದಿಲ್ಲ. ಇಬ್ಬರ ನಿಲುವೂ ಮಾತಿನಲ್ಲೇ ತಿಳಿಯುತ್ತದೆ.

ಹಾಗೆಂದು ಪಾತ್ರಗಳ ಬಾಯಲ್ಲಿ ಹಳಗನ್ನಡವನ್ನೇ ಆಡಿಸಬೇಕಿಲ್ಲ. ವಚನಗಳ ಕನ್ನಡ ಇಂದಿಗೂ ನಮ್ಮ ಕಿವಿಗೆ ಹತ್ತಿರವಿದೆ. ಸರಳ ಮಾತು ಆ ಕಾಲಕ್ಕೆ ಹೊರಗಿನದಲ್ಲ. ಕಾಲ ಕೆಡುವುದು ಸಣ್ಣ ಪದಗಳಲ್ಲಿ. ಬಿಜ್ಜಳನ ಭಟ 'ಹಾಜರಿದ್ದೇನೆ' ಎಂದರೆ, ಹೊಯ್ಸಳರ ಅಡುಗೆಯವಳು ಮೆಣಸಿನಕಾಯಿ ಕೇಳಿದರೆ, ಅದು ಮುಂದಿನ ಶತಮಾನಗಳ ಮಾತು. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ನಂತರ. ಅದೇ 'ಹಾಜರು' 18ನೆಯ ಶತಮಾನದ ಚಿತ್ರದುರ್ಗದಲ್ಲಿ ಸಹಜ. ಸಂಬೋಧನೆಯೂ ಅಷ್ಟೇ ಮುಖ್ಯ: ಯಾರು ಯಾರನ್ನು 'ಅಯ್ಯಾ' ಎನ್ನುತ್ತಾರೆ, ಯಾರಿಗೆ ಏಕವಚನ ಸಲ್ಲುತ್ತದೆ ಎಂಬುದರಲ್ಲಿ ಒಂದು ಸಮಾಜದ ಏರುತಗ್ಗೆಲ್ಲ ಕಾಣುತ್ತದೆ.

ಇಷ್ಟೆಲ್ಲ ಸರಿಹೋದ ಮೇಲೆ ದೊಡ್ಡ ತೊಡಕು ಎದುರಾಗುತ್ತದೆ. ಸಂವಾದ ಚೆನ್ನಾಗಿ ಬಂದಷ್ಟೂ ಓದುಗ ಅದನ್ನು ನಡೆದದ್ದೆಂದೇ ನಂಬುತ್ತಾನೆ. ಅಕ್ಕ, ಅಲ್ಲಮರ ಭೇಟಿ ಇಂದು ಅನೇಕರಿಗೆ ಚರಿತ್ರೆಯೇ ಆಗಿದೆ. ಆದರೂ ಆ ಸಂಕಲನಕಾರರ ಕೈಯಲ್ಲಿ ಆಕೆಯ ಅಂಕಿತವಿರುವ ವಚನಗಳಿದ್ದವು. ಉತ್ತರಗಳ ತಿರುಳು ಅಲ್ಲಿಂದ ಬಂತು. ಕಾದಂಬರಿಕಾರನಿಗೆ ಅಂಥ ಆಸರೆ ಸಿಗುವುದು ಅಪರೂಪ. ತೀರಿಹೋದವರು ಬಂದು ತಿದ್ದಲಾರರು. ಹಾಗಾಗಿ ಅವರ ಬಾಯಲ್ಲಿ ಒಂದು ಮಾತು ಇಡುವ ಮೊದಲು, ಇದು ಅವರ ಬದುಕಿನಿಂದ ಬಂದದ್ದೋ, ನನ್ನ ಇಂದಿನ ವಾದಕ್ಕೆ ಬೇಕಾದದ್ದೋ ಎಂದು ಬರೆಯುವವನೇ ಕೇಳಿಕೊಳ್ಳಬೇಕು.