ಹೆಂಗಸರ ಮಷೀನು

ಹಳೆಯ ವಾಚುಗಳನ್ನು ಕೂಡಿಡುವ ಗಂಡಸರು ಊರಿಗೊಬ್ಬರಾದರೂ ಸಿಗುತ್ತಾರೆ. ಅವರ ಮೇಜಿನ ಖಾನೆಯಲ್ಲಿ ಎಚ್.ಎಂ.ಟಿ. ಜನತಾ, ಪೈಲಟ್, ಕೋಹಿನೂರ್ ಸಾಲಾಗಿ ಮಲಗಿರುತ್ತವೆ. ಜನತಾದ ಒಳಗಿರುವುದು 0231, ಹದಿನೇಳು ಕಲ್ಲಿನದು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಿಮ್ಮ ತಾಯಿಯವರ ವಾಚಿನೊಳಗೆ ಯಾವುದಿತ್ತು ಎಂದು ಕೇಳಿ ನೋಡಿ. "ಲೇಡೀಸ್ ವಾಚಾ? ಅದೇನೋ ಚಿಕ್ಕದು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಚಿಕ್ಕದು ಏನು ಎಂದು ಬರೆದಿಡಲೆಂದೇ ನಾನೊಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ.

ವಾಚಿನ ಒಳಗಿನ ಯಂತ್ರಕ್ಕೆ ರಿಪೇರಿಯವರು ಮಷೀನು ಎನ್ನುತ್ತಾರೆ. ಡಯಲ್ಲಿಗೆ ಹೊಸ ಬಣ್ಣ ಹಚ್ಚಬಹುದು, ಬೆಲ್ಟು ಬದಲಿಸಬಹುದು; ಮಷೀನು ಮಾತ್ರ ತಾನು ಯಾರ ಮಗಳೆಂದು ಬಚ್ಚಿಡಲಾರದು. ಸ್ವಿಸ್ ಮಷೀನಾದರೆ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಕಾಣುವಂತೆ, ತಯಾರಕರ ಗುರುತೂ ಅಂಕಿಯೂ ಇರುತ್ತವೆ. ಎ. ಶಿಲ್ಡ್ ಎಂಬ ಸ್ವಿಸ್ ಕಾರ್ಖಾನೆಯ 1012 ಅಂಥದೊಂದು. ಅಗಲ ಅರ್ಧ ಇಂಚಿಗೂ ಕಡಿಮೆ, ಷರಟಿನ ಗುಂಡಿಯಷ್ಟು. ಅಷ್ಟರಲ್ಲೇ ಗಂಟೆಗೆ 18,000 ಬಾರಿ ಮಿಡಿಯುವ ಚಕ್ರ. ಬೇರೆ ಬೇರೆ ಹೆಸರಿನ ಎಷ್ಟೋ ವಾಚುಗಳ ಹೊಟ್ಟೆಯಲ್ಲಿ ಇದೇ ಕೂತಿತ್ತು.

ತಮಾಷೆಯೆಂದರೆ ಕೈಗಡಿಯಾರ ಮೊದಲು ನಮ್ಮದೇ ಆಗಿತ್ತು. 1868ರಲ್ಲಿ ಪಾಟೆಕ್ ಫಿಲಿಪ್ ಕಂಪನಿ ಹಂಗೇರಿಯ ಒಬ್ಬ ಕೌಂಟೆಸ್‌ಗಾಗಿ ಬಳೆಯಂಥ ವಾಚು ಮಾಡಿತು. ಗಂಡಸರದೇನಿದ್ದರೂ ಜೇಬಿನ ಗಡಿಯಾರ. ಮುಂಗೈಗೆ ಕಟ್ಟುವುದು ಹೆಣ್ಣಿಗ ವೇಷ ಎಂಬ ಭಾವನೆ ಅವರದು. 1914ರ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈ ಹಾಕಲು ಪುರುಸೊತ್ತಿಲ್ಲವಾದಾಗ ಅವರಿಗೂ ಅದು ಬೇಕಾಯಿತು. ಆಮೇಲೆ ವಾಚಿನ ಚರಿತ್ರೆಯನ್ನು ಬರೆದವರೂ ಅವರೇ ಅನ್ನಿ.

ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ವಾಚು ಕಾರ್ಖಾನೆ ಬಂತು, 1978ರಲ್ಲಿ ತುಮಕೂರಿನದು. ಹೆಂಗಸರಿಗೆಂದು ಬಂದ ಆರಂಭದ ವಾಚುಗಳಲ್ಲೊಂದರ ಹೆಸರು ಸುಜಾತಾ. ಕೂದಲಿಗಿಂತ ತೆಳ್ಳಗಿನ ಹೇರ್ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಜೋಡಣೆಯ ಕೆಲಸದಲ್ಲಿ ಬಹಳ ಮಂದಿ ಹೆಣ್ಣುಮಕ್ಕಳಿದ್ದರು. ಆದರೂ ಹೊರಗೆ ಹೆಸರು ಮಾಡಿದ್ದು ವರೋಪಚಾರದ ವಾಚು. ಕಂಚನ್ ಕೊಡದಿದ್ದರೆ ಅಳಿಯಂದಿರು ಮುಖ ಊದಿಸುತ್ತಿದ್ದ ಕಾಲವನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ವಧುವಿನ ಕೈಗೆ ಬಳೆ ಸಾಕಿತ್ತು. ವಾಚು ಬಂದದ್ದು ಟೀಚರಾದವಳಿಗೆ, ನರ್ಸಾದವಳಿಗೆ. ಅದೂ ಎಷ್ಟೋ ಸಲ ಮೊದಲ ಸಂಬಳದಲ್ಲಿ ತಾನೇ ಕೊಂಡುಕೊಂಡದ್ದು.

ಸೊರಬದಲ್ಲಿ ವಯಸ್ಸಾದ ರಿಪೇರಿಯವರೊಬ್ಬರು ಅಂಗಡಿ ಮುಚ್ಚುತ್ತಾರೆಂದು ತಿಳಿದು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿದ್ದೆ. ದೊಡ್ಡ ಮಷೀನುಗಳನ್ನೆಲ್ಲ ಯಾರೋ ಆಗಲೇ ಕೊಂಡೊಯ್ದಿದ್ದರು. ಹಾರ್ಲಿಕ್ಸ್ ಬಾಟಲಿಯಲ್ಲಿ ಹೆಂಗಸರ ಮಷೀನುಗಳು ಉಳಿದಿದ್ದವು, ಹಿತ್ತಾಳೆಯ ತೂಕಕ್ಕೆ ಹೋಗಲು ಕಾದಿದ್ದವು. "ಇದನ್ನ ತಗೊಂಡು ಏನ್ ಮಾಡ್ತೀರಮ್ಮ? ಪಾರ್ಟೂ ಸಿಗಲ್ಲ, ಕೇಳೋರೂ ಇಲ್ಲ" ಎಂದರು. ಕೇಸು ಯಾವುದಕ್ಕೂ ಇರಲಿಲ್ಲ. ಕೆಲವು ಚಿನ್ನದವಾಗಿದ್ದವಂತೆ, ಕಷ್ಟ ಬಂದಾಗಲೋ ಮಗಳ ಮದುವೆಗೋ ಕೇಸನ್ನು ಕರಗಿಸಿ ಓಲೆ ಮಾಡಿಸಿದ್ದಾರೆ, ಮಷೀನನ್ನು ಇವರ ಮೇಜಿನ ಮೇಲೆ ಬಿಟ್ಟು ಹೋಗಿದ್ದಾರೆ. ಅದಕ್ಕೇನು ಬೇಸರವಿಲ್ಲ, ಓಲೆಯೂ ಬೇಕಾದದ್ದೇ. ಆದರೆ ವಾಚಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಪ್ರತಿ ರಿಪೇರಿಯವರೂ ಸೂಜಿಯಿಂದ ತಮ್ಮ ಗುರುತು, ತಾರೀಕು ಗೀಚುವ ರೂಢಿಯುಂಟು. ಕೇಸು ಕರಗಿದಾಗ ಆ ಬರಹವೂ ಕರಗುತ್ತದೆ.

ಬರಹದ ಬೆಲೆ ನಮ್ಮ ತಾಲೂಕುಗಳಿಗೆ ಗೊತ್ತಿಲ್ಲದ್ದಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ಸೊರಬದ ಕಲ್ಲುಗಳಿಗೆ ಒಂದೊಂದಾಗಿ ಅಂಕಿ ಕೊಟ್ಟರು. ಕದಂಬರ ವಂಶದ ಕಥೆ ಹೇಳುವ ತಾಳಗುಂದದ ಕಂಬ ಇಂದಿಗೂ ವಿದ್ವಾಂಸರಿಗೆ 'ಶಿಕಾರಿಪುರ 176'. ಹೊಲದ ಬದುವಿನ ಸಣ್ಣ ವೀರಗಲ್ಲನ್ನೂ ಅವರು ಬಿಡಲಿಲ್ಲ. ರಾಜನ ಶಾಸನ ಮಾತ್ರ ಸಾಕೆಂದಿದ್ದರೆ ಎಷ್ಟು ಊರುಗಳ ಸುದ್ದಿಯೇ ನಮಗೆ ಸಿಗುತ್ತಿರಲಿಲ್ಲ.

ಬಾಟಲಿಯನ್ನು ಶಿಕಾರಿಪುರಕ್ಕೆ ತಂದು ಒಂದೊಂದನ್ನೇ ಬಿಳಿಯ ತಟ್ಟೆಯಲ್ಲಿಟ್ಟು ಬರೆದೆ: ಅಗಲ ಎಷ್ಟು, ಕಲ್ಲು ಎಷ್ಟು, ಗುರುತು ಯಾವುದು, ಬ್ಯಾಲೆನ್ಸ್ ಆಡುತ್ತದೆಯೋ ಇಲ್ಲವೋ. ಹೆಚ್ಚಿನವು ಸವೆದು ನಿಂತವಲ್ಲ. ಮದುವೆ ಮುಂಜಿಗೆ ಮಾತ್ರ ಕಟ್ಟಿ ಉಳಿದ ದಿನ ಬೀರುವಿನಲ್ಲಿಟ್ಟು, ಎಣ್ಣೆ ಒಣಗಿ ಅಂಟಾಗಿ ನಿಂತವು. ದಿನಾ ಕೀ ಕೊಟ್ಟು ಕಟ್ಟಿದ ಟೀಚರಮ್ಮಂದಿರ ವಾಚುಗಳು ಬೇರೆ ಥರ: ಕೀ ತಿರುಪಿನ ಹಲ್ಲೇ ನುಣ್ಣಗಾಗಿರುತ್ತದೆ. ಎರಡನ್ನೂ ನೋಡಿದರೆ ಯಾರು ಯಾವಾಗ ಮನೆಯಿಂದ ಹೊರಟರೆಂಬುದು ಹೊಳೆಯುತ್ತದೆ.

1980ರ ದಶಕದ ಕೊನೆಗೆ ಹೊಸೂರಿನ ಟೈಟಾನ್ ಕ್ವಾರ್ಟ್ಜ್ ವಾಚುಗಳು ಬಂದ ಮೇಲೆ ಕೀ ಕೊಡುವ ಕೆಲಸವೇ ತಪ್ಪಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು.

ನೋಟ್‌ಬುಕ್ಕಿನಲ್ಲಿ ಕೊನೆಯ ಕಲಮು 'ಯಾರದು' ಎಂಬುದು. ಬಾಟಲಿಯ ಮಷೀನುಗಳ ಮುಂದೆ ಅದು ಖಾಲಿ. ಪರಿಚಯದ ಮನೆಗಳಿಂದ ಬಂದವಕ್ಕೆ ಮಾತ್ರ ಹೆಸರು ಸೇರಿದೆ. ನಿಮ್ಮ ಬೀರುವಿನಲ್ಲೂ ಒಂದಿದ್ದರೆ ಚಾಕುವಿನಿಂದ ಮೀಟಬೇಡಿ, ನಿಂತದ್ದಕ್ಕೆ ಬಲವಂತದಿಂದ ಕೀ ಕೊಡಬೇಡಿ. ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ ಒಳಗಿನ ಅಂಕಿಯನ್ನೂ ಗೀಚಿದ್ದನ್ನೂ ಬರೆದುಕೊಳ್ಳಿ. ಪಕ್ಕದಲ್ಲಿ ಕಟ್ಟಿದವಳ ಹೆಸರು, ಕೊಂಡ ವರ್ಷ, ಯಾವ ಸಂಬಳದಲ್ಲಿ ಎಂಬುದು.